ಐದನೇ ರೀಲಿನ ಧ್ವನಿ

ಸ್ವಪ್ನಾಗೆ ಆ ಕೆಲಸ ಬಂದದ್ದು ಜೂನ್ ಎರಡನೇ ವಾರ. ಮುಂಬೈಯ ಒಂದು ಸಣ್ಣ ಕಂಪನಿ ಹಳೆಯ ಸಿನಿಮಾಗಳ ನೆಗೆಟಿವ್ ಹುಡುಕಿ, ಧೂಳು ಗೀರು ತೆಗೆದು, ಬ್ಲೂ-ರೇ ಡಿಸ್ಕ್ ಮಾಡಿ ಮಾರುತ್ತಿತ್ತು. ಹೆಸರು ಮಾಡಿದ ಸಿನಿಮಾಗಳನ್ನಲ್ಲ, ಬೆಳಗಿನ ಆಟಕ್ಕೆ ಹಾಕಿ ಮರೆತುಬಿಟ್ಟಂಥವನ್ನು. ಈ ಸಲದ್ದು 1979ರ ಕನ್ನಡ ಚಿತ್ರ, ‘ಮೂರನೇ ಗೋದಾಮು’. ಕಪ್ಪು ಬಿಳುಪು, ಹದಿನೆಂಟು ದಿನದ ಚಿತ್ರೀಕರಣ, ‘ಎ’ ಸರ್ಟಿಫಿಕೇಟು. ಕಳ್ಳಸಾಗಣೆಯವರ ಅತ್ಯಾಚಾರಕ್ಕೆ ಒಳಗಾದ ಹೆಣ್ಣೊಬ್ಬಳು ಮೂಟೆ ಎಳೆಯುವ ಕೊಕ್ಕೆಯಿಂದ ಏಳು ಜನರನ್ನು ಕೊಲ್ಲುವ ಕಥೆ. ಸಾವಿರದ ಐನೂರು ಪ್ರತಿ ಮಾಡುತ್ತಾರೆ, ಕೊಳ್ಳುವವರು ಬಹುಪಾಲು ಹೊರದೇಶದವರು. ಅವರಿಗಾಗಿ ಇಂಗ್ಲಿಷ್ ಸಬ್‌ಟೈಟಲ್ ಬರೆದುಕೊಡುವುದು ಸ್ವಪ್ನಾಳ ಕೆಲಸ.

ನಾಗಪುರದ ಅಂಚಿನ ವಾಡಿಯ ಮನೆಯಲ್ಲಿ ಅವಳ ಆಫೀಸು ಎಂದರೆ ಊಟದ ಮೇಜು. ಕೂಲರ್ ಇದ್ದದ್ದು ಅಲ್ಲೇ. ಸಾಮಾನ್ಯವಾಗಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. ಅವತ್ತು ಅದನ್ನು ಮಗಳು ಕೃತಿ ಟ್ಯೂಷನ್‌ಗೆ ಒಯ್ದಿದ್ದಳು. ಮಾವ ನರಸಿಂಹಮೂರ್ತಿ ಬ್ಯಾಂಕಿಗೆ ಹೋಗಿದ್ದರು. ಗಂಡ ಶಿವಪ್ರಸಾದ್ ಬುಟಿಬೋರಿಯ ಕಾರ್ಖಾನೆಯಲ್ಲಿ ಮೊದಲ ಶಿಫ್ಟಿನಲ್ಲಿದ್ದ. ಮೇಜಿನ ಇನ್ನೊಂದು ತುದಿಯಲ್ಲಿ ಅತ್ತೆ ಸುಲೋಚನಾ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಅತ್ತೆಗೆ ಮುಜುಗರವಾದೀತೆಂದು ಸ್ವಪ್ನಾ ಲ್ಯಾಪ್‌ಟಾಪಿನ ದನಿ ಸಣ್ಣದು ಮಾಡಿದಳು.

ತೆರೆಯ ಮೇಲೆ ನಾಯಕಿ ಕೊಕ್ಕೆ ಹಿಡಿದು ತಿರುಗಿದಳು.

“ಇದು ಮೂಟೆ ಎಳೆಯೋಕಲ್ಲ ಕಣೋ. ನಿನ್ನನ್ನ ಎಳೆಯೋಕೆ,” ಎಂದರು ಸುಲೋಚನಾ, ಹುರುಳಿಕಾಯಿಯಿಂದ ತಲೆ ಎತ್ತದೆ.

ಅವರಾದ ಮೇಲೆ ನಾಯಕಿ ಅದನ್ನೇ ಹೇಳಿದಳು.

ಸ್ವಪ್ನಾ ಚಿತ್ರ ನಿಲ್ಲಿಸಿದಳು. “ಅತ್ತೆ, ಈ ಸಿನಿಮಾ ನೋಡಿದ್ದೀರಾ?”

“ಪೂರ್ತಿ ನೋಡಿಲ್ಲ. ತುಂಡು ತುಂಡು ನೋಡಿದೀನಿ.”

“ಮತ್ತೆ ಡೈಲಾಗು?”

“ಅದು ನಾನೇ ಹೇಳಿದ್ದು. ಆ ಹುಡುಗಿ ಬಾಯಿ ಆಡಿಸಿದಾಳೆ ಅಷ್ಟೆ. ಆ ಪಾತ್ರೆ ಈ ಕಡೆ ಸರಿಸು.”

ಹುರುಳಿಕಾಯಿ ಮುಗಿಯುವಷ್ಟರಲ್ಲಿ ವಿಷಯ ಇಷ್ಟು ಗೊತ್ತಾಯಿತು. ಮದುವೆಗೆ ಮುಂಚೆ ಸುಲೋಚನಾ ಎರಡು ವರ್ಷ ಮದರಾಸಿನಲ್ಲಿ ಸೋದರಮಾವನ ಮನೆಯಲ್ಲಿದ್ದರು. ಆ ಸೋದರಮಾವ ಡಬ್ಬಿಂಗ್ ಸ್ಟುಡಿಯೋದಲ್ಲಿ ಗುಮಾಸ್ತ. ಕನ್ನಡ ಬಾರದ ನಟಿಯರಿಗೆ ದನಿ ಕೊಡಲು ಹುಡುಗಿ ಬೇಕಾದಾಗಲೆಲ್ಲ ಸುಲೋಚನಾ ಅವರನ್ನು ಕರೆದುಕೊಂಡು ಹೋಗುತ್ತಿದ್ದರು. ಒಟ್ಟು ಹನ್ನೊಂದು ಸಿನಿಮಾ. ಒಂದರಲ್ಲೂ ಹೆಸರು ಹಾಕಿರಲಿಲ್ಲ, ಆಗ ಯಾರಿಗೂ ಹಾಕುತ್ತಿರಲಿಲ್ಲ. ‘ಮೂರನೇ ಗೋದಾಮು’ ಮಾಡಿದಾಗ ಅವರಿಗೆ ಇಪ್ಪತ್ತೆರಡು.

“ನಲವತ್ತಾರು ವರ್ಷ ಆಯ್ತಲ್ಲ ಅತ್ತೆ. ಹೇಗೆ ನೆನಪಿದೆ?”

“ಮರೆಯೋಕೆ ಬಿಟ್ರೆ ತಾನೆ? ಒಂದೊಂದೇ ಮಾತಿನ ಫಿಲಂ ಕತ್ತರಿಸಿ, ಎರಡು ತುದಿ ಅಂಟಿಸಿ ಮಿಷನ್ನಿಗೆ ಹಾಕೋರು. ಲೂಪು ಅಂತ. ಅದು ಸುತ್ತುತ್ತಾನೇ ಇರೋದು. ತುಟಿಗೆ ಮಾತು ಕೂರೋವರೆಗೂ ಅದನ್ನೇ ಹೇಳ್ಬೇಕು. ಇಪ್ಪತ್ತು ಸಲ, ಮೂವತ್ತು ಸಲ. ಆ ಹುಡುಗಿ ಕೇರಳದವಳು. ಕ್ಯಾಮೆರಾ ಮುಂದೆ ಬರೀ ಒಂದು ಎರಡು ಎಣಿಸಿದ್ಳು. ಅವಳ ಏಳಕ್ಕೆ, ಎಂಟಕ್ಕೆ ನಾನು ಕನ್ನಡ ಕೂರಿಸ್ಬೇಕು.”

ಸ್ವಪ್ನಾ ಮದುವೆಯಾಗಿ ಈ ಮನೆಗೆ ಬಂದು ಹದಿನೇಳು ವರ್ಷ. ಅತ್ತೆ ಇಷ್ಟು ಉದ್ದ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಭಾನುವಾರದ ಊಟಕ್ಕೆ ಎಲ್ಲರೂ ಕೂತಿದ್ದಾಗ ಕೃತಿ ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಮಾತು ತೆಗೆದಳು. “ತಾತ, ಅಜ್ಜಿ ಪಿಕ್ಚರ್‌ನಲ್ಲಿ ಕಾಮ್ ಮಾಡಿದ್ರಂತೆ, ಗೊತ್ತಾ ನಿಂಗೆ? ಮರ್ಡರ್ ಪಿಕ್ಚರ್.”

ನರಸಿಂಹಮೂರ್ತಿ ಅನ್ನ ಕಲಸುವುದನ್ನು ನಿಲ್ಲಿಸಿದರು. ಎಪ್ಪತ್ತೆರಡು ವಯಸ್ಸು. ಸೈನ್ಯಕ್ಕೆ ಮದ್ದುಗುಂಡು ಮಾಡುವ ಆರ್ಡ್‌ನೆನ್ಸ್ ಫ್ಯಾಕ್ಟರಿಯ ತಪಾಸಣೆ ವಿಭಾಗದಲ್ಲಿ ಮೂವತ್ತೆರಡು ವರ್ಷ ಇದ್ದು ನಿವೃತ್ತರಾದವರು, ಕನ್ನಡ ಸಂಘದ ಉಪಾಧ್ಯಕ್ಷರು. “ಯಾವ ಪಿಕ್ಚರ್?” ಎಂದರು.

ಸ್ವಪ್ನಾ ಹೆಸರು ಹೇಳಿದಳು.

“ಹದಿನೈದು ವರ್ಷದ ಹುಡುಗಿ ಎದುರು ಆಡೋ ಮಾತಾ ಇದು?”

“ನಾನ್ ನೋಡಿಲ್ಲ ತಾತ, ಸಿರ್ಫ್ ಕೇಳಿದೆ.”

“ಕೇಳೋದೂ ಬೇಡ.”

ಶಿವಪ್ರಸಾದ್ ಆಗಲೇ ಫೋನಿನಲ್ಲಿ ಪೋಸ್ಟರ್ ಹುಡುಕಿದ್ದ. ಒದ್ದೆ ಸೀರೆಯ ನಾಯಕಿ, ಕೈಯಲ್ಲಿ ಕೊಕ್ಕೆ. ಫೋನನ್ನು ಮೇಜಿನ ಕೆಳಗೆ ಇಳಿಸಿ, “ಅಮ್ಮ, ಇದು ಸ್ವಲ್ಪ ಹಾಗೇ ಇದೆ,” ಎಂದ.

“ಆ ಮೈ ನಂದಲ್ಲ. ದನಿ ನಂದು.”

“ಜನಕ್ಕೆ ಅದೆಲ್ಲ ಬಿಡಿಸಿ ಹೇಳೋಕಾಗುತ್ತಾ?”

“ಯಾವ ಜನ? ಸಾವಿರದ ಐನೂರು ಡಿಸ್ಕು, ಎಲ್ಲ ಫಾರಿನ್ನಿಗೆ ಹೋಗೋದು. ನಿನ್ನ ಫ್ಯಾಕ್ಟರಿ ಬಸ್ಸಲ್ಲಿ ಹಂಚ್ತಾರಾ?”

“ನಾಳೆ ಕಾಶೀನಾಥ ಕೇಳಿದ್ರೆ ನಾನೇನು ಹೇಳ್ಲಿ?” ಎಂದರು ನರಸಿಂಹಮೂರ್ತಿ. ಕಾಶೀನಾಥ ಸಂಘದ ಕಾರ್ಯದರ್ಶಿ.

“ಕಾಶೀನಾಥರ ಮನೇಲಿ ಟೀವಿನೇ ಬರೋಬರ್ ನಡೆಯಲ್ಲ. ಅವರು ಬ್ಲೂ-ರೇ ನೋಡ್ತಾರಾ? ಸಾರು ಆರ್ತಿದೆ, ಊಟ ಮಾಡಿ,” ಎಂದರು ಸುಲೋಚನಾ.

ನರಸಿಂಹಮೂರ್ತಿ ಮಜ್ಜಿಗೆ ಅನ್ನ ಉಣ್ಣದೆ ಎದ್ದರು. ಎದ್ದು ಹೋಗುವಾಗ ತಟ್ಟೆ ಮಾತ್ರ ತೊಳೆದಿಟ್ಟರು. ಅದು ಫ್ಯಾಕ್ಟರಿ ಕ್ಯಾಂಟೀನಿನಿಂದ ಬಂದ ಅಭ್ಯಾಸ.

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಜುಲೈ ಮೊದಲ ವಾರ ಸ್ವಪ್ನಾ ಐದನೇ ರೀಲಿಗೆ ಬಂದಳು, ಅದಕ್ಕೆ ಧ್ವನಿಯೇ ಇರಲಿಲ್ಲ. ಮುಂಬೈಗೆ ಫೋನ್ ಮಾಡಿದಳು. ಕಂಪನಿಯ ಅಭಿಜಿತ್ ಕಾರಣ ಹೇಳಿದ. ಚಿತ್ರದ ನೆಗೆಟಿವ್ ಬೇರೆ, ಧ್ವನಿಯ ನೆಗೆಟಿವ್ ಬೇರೆ. ಐದನೇ ರೀಲಿನ ಧ್ವನಿಯ ಡಬ್ಬ ಗೋಡೌನಿನಲ್ಲಿ ಸಿಗಲಿಲ್ಲ. ಹನ್ನೊಂದು ನಿಮಿಷ ಮೂಕ. ತುಟಿ ನೋಡಿ ಮಾತು ಗುರುತಿಸುವವರಿಗೂ ತೋರಿಸಿದ್ದರಂತೆ. ಅವರಿಗೆ ಸಿಕ್ಕಿದ್ದು ಬರೀ ಅಂಕಿಗಳು.

“ಅದು ಅಂಕಿಗಳೇ,” ಎಂದಳು ಸ್ವಪ್ನಾ. “ಮಾತು ಗೊತ್ತಿರೋರು ನಮ್ಮನೇಲೇ ಇದ್ದಾರೆ.”

ಮಾರನೆಯ ದಿನ ಸುಲೋಚನಾ ಕನ್ನಡಕ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತರು. ಐದನೇ ರೀಲಿನಲ್ಲಿ ಮಾತೆಲ್ಲ ನಾಯಕಿಯದೇ, ಖಳನದು ಎರಡು ವಾಕ್ಯ. ನಲವತ್ತು ನಿಮಿಷದಲ್ಲಿ ಎಲ್ಲವನ್ನೂ ಬರೆಸಿದರು. ಖಳನ ಎರಡು ವಾಕ್ಯ ಕೂಡ. ಕೊನೆಯ ದೃಶ್ಯದಲ್ಲಿ ಗೋದಾಮಿನ ಬಾಗಿಲು ಮುಚ್ಚುತ್ತದೆ. ಆಮೇಲೆ ತೆರೆಯ ಮೇಲೆ ತೂಗಾಡುವ ಕೊಕ್ಕೆ ಬಿಟ್ಟರೆ ಏನೂ ಇಲ್ಲ.

“ಇಲ್ಲಿ ಮಾತಿಲ್ಲ,” ಎಂದರು. “ಕೂಗು. ಬಾಗಿಲ ಹಿಂದಿಂದ. ಇದೊಂದಕ್ಕೇ ಅರ್ಧ ದಿನ ಹಿಡೀತು.”

ಅಭಿಜಿತ್ ನೇರವಾಗಿ ಸುಲೋಚನಾ ಅವರೊಂದಿಗೇ ಫೋನಿನಲ್ಲಿ ಮಾತಾಡಿದ. ಮಾತುಗಳನ್ನು ಅವರೇ ಮತ್ತೊಮ್ಮೆ ಹೇಳಿಕೊಡಬಹುದೇ, ನಾಗಪುರದಲ್ಲೇ ಸ್ಟುಡಿಯೋ ಗೊತ್ತು ಮಾಡುತ್ತೇವೆ ಎಂದ. ದನಿ ವಯಸ್ಸಾಗಿದ್ದರೂ ಪರವಾಗಿಲ್ಲ, ಅದನ್ನು ಡಿಸ್ಕಿನಲ್ಲಿ ತಿಳಿಸುತ್ತೇವೆ. ಸುಲೋಚನಾ ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು. ನನ್ನ ಹೆಸರು ಹಾಕುತ್ತೀರಾ?

ಸಿನಿಮಾದ ಕೊನೆಯಲ್ಲಿ ತೆರೆಯ ಮೇಲೆ, ಡಿಸ್ಕಿನ ರಕ್ಷಾಪುಟದ ಮೇಲೆ, ಎರಡು ಕಡೆ ಹಾಕುತ್ತೇವೆ ಎಂದ ಅಭಿಜಿತ್.

ಫೋನ್ ಇಟ್ಟ ಮೇಲೆ ಅವರು ಸೊಸೆಗೆ ಹೇಳಿದರು: “ಹನ್ನೊಂದು ಸಿನಿಮಾ ಮಾಡಿದೆ. ಒಂದರಲ್ಲಾದ್ರೂ ಬರ್ಲಿ.”

ನರಸಿಂಹಮೂರ್ತಿ ಬೇಡ ಎಂದರು. ಕಾರಣ ಕೇಳಿದರೆ, “ಬೇಡ ಅಂದ್ರೆ ಬೇಡ,” ಎಂದರು. ಸುಲೋಚನಾ, ನಾನು ಕೇಳಿದ್ದು ನಿಮ್ಮ ಅಪ್ಪಣೆಯಲ್ಲ, ನಿಮಗೆ ತಿಳಿಸಿದ್ದು ಎಂದರು. ಅವತ್ತಿನಿಂದ ಅವರು ಹೆಂಡತಿ ಮಾಡಿದ ಕಾಫಿ, ಅಡುಗೆ ಮುಟ್ಟಲಿಲ್ಲ. ಬೆಳಗ್ಗೆ ತಾವೇ ಹಾಲು ಕಾಯಿಸಿ ಮೂರು ದಿನದಲ್ಲಿ ಎರಡು ಸಲ ಉಕ್ಕಿಸಿದರು. ತಿಂಡಿಗೆ ನಾಲ್ಕು ರಸ್ತೆ ಸೇರುವ ನಾಕಾದ ಅಂಗಡಿಗೆ ಹೋಗಿ, ತರ್ರಿ ಎನ್ನುವ ಖಾರದ ರಸ ಹಾಕಿದ ಅವಲಕ್ಕಿ ಪೋಹೆ ತಿಂದು ಬಂದು ಮಧ್ಯಾಹ್ನವೆಲ್ಲ ಎದೆಯುರಿ ಎಂದು ಒದ್ದಾಡಿದರು.

“ತಾತಂಗೆ ಆ್ಯಸಿಡಿಟಿ,” ಎಂದು ಕೃತಿ ಬಂದು ವರದಿ ಕೊಟ್ಟಳು.

“ಫ್ರಿಜ್ಜಲ್ಲಿ ತಣ್ಣನೆ ಹಾಲಿದೆ ಅಂತ ಹೇಳು. ನಾನು ಕಾಯಿಸಿದ್ದಲ್ಲ ಅಂತಲೂ ಹೇಳು.”

ಶಿವಪ್ರಸಾದ್ ಯಾರ ಪಕ್ಷವನ್ನೂ ವಹಿಸಲಿಲ್ಲ. ಎರಡನೇ ಶಿಫ್ಟು ಕೇಳಿ ಹಾಕಿಸಿಕೊಂಡ, ಊಟದ ಹೊತ್ತಿಗೆ ಮನೆಯಲ್ಲಿ ಇರಬೇಕಾಗುತ್ತಿರಲಿಲ್ಲ. ಎರಡು ಅಡುಗೆ, ಎರಡು ಪಂಕ್ತಿ, ನಡುವೆ ಓಡಾಡುವುದು ಸ್ವಪ್ನಾಳ ಪಾಲಿಗೆ ಬಂತು. ಮೂರು ವಾರ ಕಳೆಯುವಷ್ಟರಲ್ಲಿ ಅವಳಿಗೆ ಸಾಕಾಯಿತು. ಯಾರನ್ನೂ ಕೇಳದೆ ಅಭಿಜಿತ್‌ಗೆ ಒಂದು ಮೇಲ್ ಬರೆದಳು: ಹೆಸರಿನ ಬದಲು ‘ಹಿರಿಯ ಕಂಠದಾನ ಕಲಾವಿದೆಯೊಬ್ಬರು’ ಎಂದು ಹಾಕಿದರೆ ಮನೆಯವರಿಗೆಲ್ಲ ಅನುಕೂಲ.

ಅಭಿಜಿತ್ ಆ ಬಗ್ಗೆ ಖಚಿತಪಡಿಸಿಕೊಳ್ಳಲು ಫೋನ್ ಮಾಡಿದ್ದು ನೇರವಾಗಿ ಸುಲೋಚನಾ ಅವರಿಗೆ.

ಅವರು ಅಡುಗೆಮನೆಯಿಂದ ಬಂದು ಮೇಜಿನ ಹತ್ತಿರ ನಿಂತರು. ಕೈಯಲ್ಲಿ ಚಪಾತಿ ಹಿಟ್ಟು ಅಂಟಿತ್ತು.

“ಸಬ್‌ಟೈಟಲ್ ಬರೆಯೋರ ಹೆಸರು ಹಾಕ್ತಾರಾ ಸ್ವಪ್ನಾ?”

“ಹಾಕ್ತಾರೆ ಅತ್ತೆ.”

“ಪೂರ್ತಿ ಹೆಸರಾ?”

“ಹೂಂ.”

“ಅಲ್ಲಿ ‘ವಾಡಿಯ ಸೊಸೆಯೊಬ್ಬರು’ ಅಂತ ಹಾಕಿದ್ರೆ ನಿಂಗೆ ಆಗುತ್ತಾ?”

ಸ್ವಪ್ನಾ ಲ್ಯಾಪ್‌ಟಾಪಿನ ಮೇಲಿಂದ ಕೈ ತೆಗೆದಳು.

“ನಿಮ್ಮ ಮಾವ ಬೇಡ ಅಂದಿದ್ದಕ್ಕೆ ನಂಗೆ ಬೇಜಾರಿಲ್ಲ. ಅವರು ಎದುರಿಗೇ ಅಂದ್ರು. ನೀನು ಒಳ್ಳೇದು ಮಾಡೋಕೆ ಹೋಗಿ ಹಿಂದಿನಿಂದ ಅಳಿಸಿದೆ.”

“ಅತ್ತೆ, ಮನೇಲಿ ಶಾಂತಿ ಇರಲಿ ಅಂತ.”

“ನಂಗೂ ಬೇಕು ಶಾಂತಿ. ಅದನ್ನ ಯಾವಾಗ್ಲೂ ನನ್ನ ಹತ್ರಾನೇ ಯಾಕೆ ಇಸ್ಕೊಳ್ತೀರಿ?”

ಸ್ವಪ್ನಾ ಅಲ್ಲಿಯೇ ಎರಡನೇ ಮೇಲ್ ಬರೆದು, ಕಳಿಸುವ ಮುಂಚೆ ಅತ್ತೆಗೆ ಓದಿ ಹೇಳಿದಳು. ಹಿಂದಿನದನ್ನು ತಳ್ಳಿಹಾಕಿ, ಹೆಸರು ಇರಲಿ. ಸುಲೋಚನಾ ಕೇಳಿಸಿಕೊಂಡು ಚಪಾತಿಗೆ ಹಿಂತಿರುಗಿದರು. ಸಂಜೆ ಸ್ವಪ್ನಾ ಮಾವನಿಗೆ ಬೇರೆ ಅಡುಗೆ ಮಾಡಲಿಲ್ಲ. “ಒಂದೇ ಕುಕ್ಕರ್ ಇಟ್ಟಿದೀನಿ ಮಾವ, ಬೇಕಾದ್ರೆ ಬನ್ನಿ,” ಎಂದಳು. ಅವರು ಬಂದು ಉಂಡು, ತಟ್ಟೆ ತೊಳೆದಿಟ್ಟರು.

ಎತ್ತುಗಳನ್ನು ಪೂಜಿಸುವ ಪೋಳಾ ಹಬ್ಬದ ಮಾರನೆಯ ದಿನ ಶಿವಪ್ರಸಾದ್ ಹೆಂಡತಿ ಮಗಳನ್ನು, ಊರಿನ ಕೇಡೆಲ್ಲ ಹೋಗಲೆಂದು ದೊಡ್ಡ ಗೊಂಬೆ ಹೊತ್ತು ಸುಡುವ ಮಾರ್ಬತ್ ಮೆರವಣಿಗೆ ತೋರಿಸಲು ಹಳೇ ಪೇಟೆ ಇತವಾರಿಗೆ ಕರೆದುಕೊಂಡು ಹೋದ. ಮನೆಯಲ್ಲಿ ಉಳಿದದ್ದು ಹಿರಿಯರಿಬ್ಬರೇ. ಸ್ಟುಡಿಯೋಗೆ ಹೋಗುವ ದಿನ ಗೊತ್ತಾಗಿತ್ತು, ಬರುವ ಮಂಗಳವಾರ. ಸುಲೋಚನಾ ಗಂಟಲಿಗೆ ಒಳ್ಳೆಯದೆಂದು ಜ್ಯೇಷ್ಠಮಧುವಿನ ಬೇರು ಬಾಯಲ್ಲಿಟ್ಟುಕೊಂಡು ಬಟ್ಟೆ ಮಡಿಸುತ್ತಿದ್ದರು. ನರಸಿಂಹಮೂರ್ತಿ ಪೇಪರಿನ ಒಂದೇ ಪುಟವನ್ನು ಬಹಳ ಹೊತ್ತಿನಿಂದ ಹಿಡಿದಿದ್ದರು.

“ಆ ಕೂಗೂ ಮಾಡ್ತೀಯಾ?” ಎಂದರು.

ಸುಲೋಚನಾ ಕೈ ನಿಲ್ಲಿಸಿದರು. ಕೂಗಿನ ವಿಷಯ ಅವರು ಹೇಳಿದ್ದು ಸೊಸೆಗೆ ಮಾತ್ರ. “ನಿಮಗೆ ಹೇಗೆ ಗೊತ್ತು ಅದು?”

“ನೋಡಿದೀನಿ.”

“ಸ್ವಪ್ನಾ ತೋರಿಸಿದ್ಳಾ?”

“ಎಂಬತ್ತರಲ್ಲಿ. ಹರಿಹರದಲ್ಲಿ ಕೆಲಸಕ್ಕಿದ್ದಾಗ. ಮದುವೆಗೆ ಮುಂಚೆ. ರೂಮಿನಲ್ಲಿ ಐದು ಜನ ಇದ್ವಿ, ಐದೂ ಜನ ಹೋದ್ವಿ.” ಪೇಪರನ್ನು ಮಡಿಸಿ ಪಕ್ಕಕ್ಕಿಟ್ಟರು. “ಆ ಕೂಗು ಬಂದಾಗ ಥಿಯೇಟರೆಲ್ಲ ಶಿಳ್ಳೆ. ಆಮೇಲೆ ಒಂದು ತಿಂಗಳು ರೂಮಿನಲ್ಲಿ ಅದನ್ನೇ ಅಣಕ ಮಾಡ್ತಿದ್ವಿ. ಸ್ನಾನಕ್ಕೆ ತಣ್ಣೀರು ಬಂದ್ರೆ ಹಾಗೆ ಕೂಗೋದು. ಸಾರಿಗೆ ಖಾರ ಜಾಸ್ತಿ ಆದ್ರೆ ಹಾಗೆ ಕೂಗೋದು. ಎಲ್ಲರಿಗಿಂತ ಚೆನ್ನಾಗಿ ಮಾಡ್ತಿದ್ದವನು ನಾನು.”

ಸುಲೋಚನಾ ಬಾಯಲ್ಲಿದ್ದ ಬೇರನ್ನು ತೆಗೆದು ಪಕ್ಕಕ್ಕಿಟ್ಟರು.

“ಮದುವೆ ಆದ ಎರಡನೇ ತಿಂಗಳು, ಇಲ್ಲೇ ಕ್ವಾರ್ಟರ್ಸಿನಲ್ಲಿ, ಕುಕ್ಕರ್ ಹಬೆ ನಿನ್ನ ಕೈಗೆ ತಾಗ್ತು. ನೀನು ಕೂಗಿದೆ. ನಾನು ಹಾಲಿನಲ್ಲಿದ್ದೆ. ಮದರಾಸಿನಲ್ಲಿ ಸಿನಿಮಾಕ್ಕೆ ದನಿ ಕೊಟ್ಟಿದ್ದೆ ಅಂತ ನೀನು ಮೊದಲೇ ಹೇಳಿದ್ದೆ. ಯಾವುದು ಅಂತ ನಾನು ಕೇಳಿರಲಿಲ್ಲ. ಅವತ್ತು ಗೊತ್ತಾಯ್ತು.”

“ಅದಕ್ಕೇನಾ,” ಎಂದರು ಸುಲೋಚನಾ, “ಅವತ್ತಿಂದ ಇವತ್ತಿನವರೆಗೂ ಕುಕ್ಕರ್ ಇಳಿಸೋಕೆ ನೀವೇ ಬರೋದು?”

“ಮತ್ತೆ ಹಾಗೆ ಕೂಗಬಾರ್ದು ನೀನು. ಕೇಳೋಕಾಗಲ್ಲ ನಂಗೆ.”

ಹೊರಗೆ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಸುಲೋಚನಾ ಶಿವಪ್ರಸಾದನ ಎರಡು ಅಂಗಿ ಮಡಿಸಿದರು. ಆಮೇಲೆ ಹೇಳಿದರು: “ಅದನ್ನ ಮೂವತ್ತೆರಡು ಸಲ ಮಾಡಿದೆ. ಸೌಂಡ್ ಇಂಜಿನಿಯರ್ ಒಬ್ಬರು ಅಯ್ಯಂಗಾರ್ರು ಇದ್ರು. ‘ಬಾಯಿಂದ ಬರ್ತಿದೆ ಅಮ್ಮ, ಹೊಟ್ಟೆಯಿಂದ ಬರ್ಲಿ,’ ಅಂದ್ರು. ಕೊನೇದು ಆದ್ಮೇಲೆ ಎದ್ದು ಬಂದು ನೀರು ಕೊಟ್ರು. ಹನ್ನೊಂದು ಸಿನಿಮಾದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ನೀವು ನಕ್ಕಿದ್ದಕ್ಕೆ ಅದು ಕೆಟ್ಟ ಕೆಲಸ ಆಗಲ್ಲ.”

“ನಾನು ಹಾಗೆ ಅನ್ನಲಿಲ್ಲ.”

“ನಲವತ್ನಾಲ್ಕು ವರ್ಷ ಏನೂ ಅನ್ನಲಿಲ್ಲ. ಮಂಗಳವಾರ ನನ್ನ ಜೊತೆ ಬನ್ನಿ.”

“ನಾನ್ಯಾಕೆ?”

“ಕೂತು ಕೇಳೋಕೆ.”

ಮಂಗಳವಾರ ಇಬ್ಬರೂ ಹತ್ತು ಗಂಟೆಯ ಸಿಟಿ ಬಸ್ಸಿನಲ್ಲಿ ಧರಮ್‌ಪೇಠ್‌ಗೆ ಹೋದರು. ಸ್ವಪ್ನಾ ಫ್ಲಾಸ್ಕಿನಲ್ಲಿ ಬಿಸಿನೀರು ಕೊಟ್ಟು, ಬಸ್ ನಿಲ್ದಾಣದವರೆಗೂ ಬಂದು ಅತ್ತೆಯ ಸೆರಗು ಸರಿ ಮಾಡಿದಳು. ಸ್ಟುಡಿಯೋ ಒಂದು ಔಷಧಿ ಅಂಗಡಿಯ ಮೇಲಿತ್ತು. ಕೋಚಿಂಗ್ ಕ್ಲಾಸು, ಸೀರೆ ಅಂಗಡಿಗಳ ಜಾಹೀರಾತು ಮಾಡುವ ಜಾಗ. ನಿಖಿಲ್ ಎಂಬ ಯುವಕ ಅದನ್ನು ನಡೆಸುತ್ತಿದ್ದ. ಮಾತು ಹಿಂದೆ ಮುಂದೆ ಆದರೂ ಯೋಚನೆ ಬೇಡ ಆಜಿ, ಕಂಪ್ಯೂಟರಿನಲ್ಲಿ ಕೂರಿಸುತ್ತೇನೆ ಎಂದ.

“ನಾನೇ ಕೂರಿಸ್ತೀನಿ,” ಎಂದು ಸುಲೋಚನಾ ಮರಾಠಿಯಲ್ಲಿ ಹೇಳಿದರು. “ನೀನು ಒಂದೊಂದೇ ತುಂಡು ನಿಲ್ಲಿಸದೆ ತಿರುಗಿಸು.”

ಮೊದಲ ನಾಲ್ಕು ಮಾತಿಗೆ ಒಂದೂವರೆ ಗಂಟೆ ಹಿಡಿಯಿತು. ಉಸಿರು ಸಾಲುತ್ತಿರಲಿಲ್ಲ. ಐದನೆಯದರಿಂದ ದಾರಿ ಸಿಕ್ಕಿತು. ತೆರೆಯ ಮೇಲಿನ ಹುಡುಗಿಗೆ ಇಪ್ಪತ್ತೈದು ಇರಬಹುದು. ಅವಳ ಬಾಯಿಂದ ಅರವತ್ತೆಂಟರ ದನಿ ಬರುತ್ತಿತ್ತು, ಆದರೆ ತುಟಿ ಮುಚ್ಚುವಲ್ಲಿ ಮಾತು ಮುಚ್ಚುತ್ತಿತ್ತು. ನಿಖಿಲ್ ಕಂಪ್ಯೂಟರಿನಲ್ಲಿ ಏನನ್ನೂ ಸರಿಸಬೇಕಾಗಲಿಲ್ಲ.

ಕೊನೆಯ ದೃಶ್ಯಕ್ಕೆ ಬಂದಾಗ ಎರಡು ಗಂಟೆ ದಾಟಿತ್ತು. ನಿಖಿಲ್, ಕೂಗನ್ನು ಬೇರೆ ಕಡೆಯಿಂದ ತಂದು ಸೇರಿಸಬಹುದು, ಗಂಟಲಿಗೆ ತ್ರಾಸ ಮಾಡಿಕೊಳ್ಳಬೇಡಿ ಎಂದ. ನರಸಿಂಹಮೂರ್ತಿ ಪ್ಲಾಸ್ಟಿಕ್ ಕುರ್ಚಿಯಿಂದ ಅರ್ಧ ಎದ್ದಿದ್ದರು.

“ಹೊರಗೆ ಹೋಗಬೇಡಿ,” ಎಂದರು ಸುಲೋಚನಾ. “ತಲೇನೂ ತಗ್ಗಿಸಬೇಡಿ. ಈ ಕಡೆ ನೋಡ್ಕೊಂಡು ಕೂತ್ಕೊಳ್ಳಿ.”

ಮೊದಲನೆಯದು ಸಣ್ಣದಾಯಿತು. ಎರಡನೆಯದು ಕೆಮ್ಮಿನಲ್ಲಿ ಮುಗಿಯಿತು. ಅವರು ಬಿಸಿನೀರು ಕುಡಿದು, ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ತೂಗಾಡುವ ಕೊಕ್ಕೆಯನ್ನು ಎರಡು ಸುತ್ತು ಸುಮ್ಮನೆ ನೋಡಿದರು. ಮೂರನೆಯ ಸುತ್ತಿಗೆ ಕೂಗಿದರು. ಅದು ಒಂಬತ್ತು ಸೆಕೆಂಡು ಇತ್ತು. ಕೊಕ್ಕೆ ನಿಲ್ಲುವಾಗ ನಿಂತಿತು.

ನಿಖಿಲ್ ಯಂತ್ರ ನಿಲ್ಲಿಸುವುದನ್ನು ಮರೆತ. ಚಿತ್ರ ಇನ್ನೂ ಎರಡು ಸಲ ಸುತ್ತಿತು. ನರಸಿಂಹಮೂರ್ತಿ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಕನ್ನಡಕದ ಕೆಳಗೆ ಕೆನ್ನೆ ಒದ್ದೆಯಾಗಿತ್ತು, ಅವರು ಅದನ್ನು ಒರೆಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಹೆಂಡತಿಯ ಕೈಗೆ ಕೊಟ್ಟರು.

ಹೊರಡುವ ಮುಂಚೆ ನಿಖಿಲ್ ಕಂಪನಿಯ ಒಪ್ಪಿಗೆಯ ಫಾರಂ ತಂದಿಟ್ಟ. ತೆರೆಯ ಮೇಲೆ ಹೆಸರು ಹೇಗೆ ಬರಬೇಕೋ ಹಾಗೇ ಇಲ್ಲಿ ಬರೆಯಿರಿ, ಅವರು ಅದನ್ನೇ ನೋಡಿ ಹಾಕುತ್ತಾರೆ ಎಂದ. ಮನೆಯ ಫಾರಂಗಳನ್ನೆಲ್ಲ ತುಂಬುವವರು ನರಸಿಂಹಮೂರ್ತಿ. ಕೇಳುವ ಮುಂಚೆಯೇ ಜೇಬಿನಿಂದ ಪೆನ್ನು ತೆಗೆದರು. ಈ ಕಡೆಯ ಎಲ್ಲ ಫಾರಂಗಳಂತೆ ಅದರಲ್ಲೂ ಹೆಸರಿಗೆ ಮೂರು ಖಾನೆ ಇದ್ದವು. ಮೊದಲು ಸ್ವಂತ ಹೆಸರು, ಮಧ್ಯ ತಂದೆಯದೋ ಗಂಡನದೋ, ಕೊನೆಗೆ ಮನೆತನದ್ದು. ಅವರು ಮೊದಲ ಖಾನೆಯಲ್ಲಿ ಸುಲೋಚನಾ ಎಂದು ದೊಡ್ಡ ಅಕ್ಷರದಲ್ಲಿ ಬರೆದರು. ಪೆನ್ನು ಮಧ್ಯದ ಖಾನೆಯ ಮೇಲೆ ನಿಂತಿತು.

“ನಂದು ಹಾಕ್ಲಾ?” ಎಂದರು. “ನೀನು ಹೂಂ ಅಂದ್ರೆ ಹಾಕ್ತೀನಿ. ಕಾಶೀನಾಥ ನೋಡ್ಕೊಳ್ಳಲಿ.”

ಸುಲೋಚನಾ ಯೋಚಿಸಿದರು. ಕೂಗಿದ್ದಕ್ಕೆ ದನಿ ಕೂತುಹೋಗಿತ್ತು, ಮಾತು ಪಿಸುಗುಟ್ಟಿದ ಹಾಗೆ ಬಂತು.

“ಬೇಡ. ಆಗ ನೀವಿನ್ನೂ ಹರಿಹರದಲ್ಲಿದ್ರಿ.”

ನರಸಿಂಹಮೂರ್ತಿ ತಲೆಯಾಡಿಸಿದರು. ಫ್ಯಾಕ್ಟರಿಯ ತಪಾಸಣೆ ಕಾಗದಗಳಲ್ಲಿ ಖಾಲಿ ಜಾಗ ಬಿಡುವ ಹಾಗಿರಲಿಲ್ಲ, ಆಮೇಲೆ ಯಾರಾದರೂ ಏನಾದರೂ ಸೇರಿಸಿಬಿಡಬಹುದು. ಮಧ್ಯದ ಖಾನೆಯ ಈ ತುದಿಯಿಂದ ಆ ತುದಿಗೆ ಒಂದು ನೇರ ಗೆರೆ ಎಳೆದರು. ಮೂರನೆಯದಕ್ಕೂ ಎಳೆದರು. ಆಮೇಲೆ ಸಹಿ ಮಾಡುವ ಜಾಗದ ಮೇಲೆ ಬೆರಳಿಟ್ಟು, ಫಾರಂ ಹೆಂಡತಿಯ ಕಡೆ ತಿರುಗಿಸಿ, ಪೆನ್ನು ಕೊಟ್ಟರು.